ಒಂದೇ ಸಲ ಕೇಳಿದ ಪ್ರಶ್ನೆ

ನಮ್ಮೂರ ಬೆಟ್ಟದ ಕೆಳಗೆ ಇಪ್ಪತ್ತು ಕಿಲೋಮೀಟರ್ ಉದ್ದದ ನೇರ ಸುರಂಗ ಬರುತ್ತದೆ, ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಎರಡು ತುದಿಯಿಂದ ಓಡಿಸಿ ನಟ್ಟನಡುವೆ ಡಿಕ್ಕಿ ಹೊಡೆಸುತ್ತಾರೆ, ಜಗತ್ತು ಹುಟ್ಟಿದ ಗಳಿಗೆಯಲ್ಲಿ ಏನಾಯಿತು ಅಂತ ಅದರಿಂದ ಗೊತ್ತಾಗುತ್ತದೆ. ಇದನ್ನು ನಾನು ಮನೆಯಲ್ಲಿ ಊಟದ ಹೊತ್ತಿಗೆ ಎಷ್ಟು ಸಲ ಹೇಳಿದ್ದೆನೋ. ಸೆಪ್ಟೆಂಬರಿನ ಆ ಸಂಜೆಯೂ ಹೇಳಿದೆ.

"ಕಣ್ಣಿಗೇ ಕಾಣದ್ದನ್ನ ಗುದ್ದಿಸೋಕೆ ಇಪ್ಪತ್ತು ಕಿಲೋಮೀಟರ್ ಯಾಕೆ ಬೇಕು?" ಅಂದಳು ಅಜ್ಜಿ. "ನಿಮ್ಮಪ್ಪ ವ್ಯಾನನ್ನ ನಮ್ಮನೆ ಗೇಟಿಗೆ ಎರಡೇ ಮೀಟರಲ್ಲಿ ಗುದ್ದಿಸ್ತಾನೆ."

"ಅವತ್ತು ರಸ್ತೆ ಮೇಲೆ ಮಂಜುಗಡ್ಡೆ ಇತ್ತಮ್ಮ," ಅಂದ ಅಪ್ಪ.

"ಮೇ ತಿಂಗಳಲ್ಲಿ?"

ಅಮ್ಮ ನಗುತ್ತಾ ಅನ್ನದ ಬಟ್ಟಲು ತುಂಬಿದಳು. ನಾನು ಬಿಡಲಿಲ್ಲ. "ಈ ಸಲ ಬರೀ ಮಾತಲ್ಲ. ಸರ್ವೆಯವರು ಬರ್ತಿದ್ದಾರೆ. ನಿಜವಾಗ್ಲೂ ಕೊರೀತಾರೆ. ಬಂಡೆ ಹೇಗಿದೆ ನೋಡಿ, ಸುರಂಗದ ಗೆರೆ ಎಲ್ಲಿ ಹೋಗ್ಬೇಕು ಅಂತ ವರ್ಷ ಮುಗಿಯೋದ್ರೊಳಗೆ ವರದಿ ಕೊಡ್ತಾರೆ."

"ಹನ್ನೆರಡು ವರ್ಷದಿಂದ ಬರ್ತಾನೇ ಇದೆ," ಅಂದ ಅಪ್ಪ. "ಊರ ಕಚೇರಿ ಮುಂದಿನ ಸ್ವಾಗತದ ಬ್ಯಾನರು ಮೂರು ಸಲ ಬಿಸಿಲಿಗೆ ಬೆಳ್ಳಗಾಯ್ತು, ಮೂರು ಸಲ ಹೊಸದು ಕಟ್ಟಿದ್ರು. ಅದು ಬರೋದು ನಾನು ಸತ್ತ ಮೇಲೇ."

"ಅಯ್ಯೋ," ಅಂದಳು ಅಮ್ಮ, "ಹಾಗಾದ್ರೆ ಬೇಗ ಬರ್ಲಪ್ಪಾ ಅಂತ ಬೇಡ್ಕೊಳ್ಳೋಕೂ ಆಗಲ್ವಲ್ಲ ನಾನು."

ಆದರೆ ಅಮ್ಮ ಬೇಡಿಕೊಳ್ಳುತ್ತಿದ್ದಳು. ಅವಳು ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಾಳೆ. ಆ ವರ್ಷ ಹತ್ತೊಂಬತ್ತೇ ಮಕ್ಕಳು. ಹದಿನೈದಕ್ಕಿಂತ ಕೆಳಗಿಳಿದರೆ ಬಾಗಿಲು ಹಾಕುತ್ತೇವೆ ಅಂತ ಮೇಲಿನವರು ಹೇಳಿಬಿಟ್ಟಿದ್ದರು. "ವಿಜ್ಞಾನಿಗಳಿಗೂ ಮಕ್ಕಳಿರ್ತಾವಲ್ವಾ? ಅವೂ ಸೂಪು ಕುಡೀತಾವಲ್ವಾ?" ಅನ್ನುವುದು ಅವಳ ವಾದ.

ನನ್ನ ವಾದಕ್ಕೆ ಕಾರಣವೇ ಬೇಕಿರಲಿಲ್ಲ. ಕಣ ಓಡಿಸುವ ಈ ಯಂತ್ರದ ಚಿತ್ರ ಮೊದಲ ಸಲ ನೋಡಿದಾಗ ನನಗೆ ಹನ್ನೆರಡು ವರ್ಷ. ಕಿತಾಕಾಮಿ ಬೆಟ್ಟಸಾಲಿನಲ್ಲಿ, ಕರಡಿ ಬಿಟ್ಟರೆ ಬೇರೆ ಯಾರೂ ಬಂದು ಇರದ ನಮ್ಮ ಹಿನೊಸಾವಾದಲ್ಲಿ, ಪ್ರಪಂಚದವರೆಲ್ಲ ಬಂದು ಇರುತ್ತಾರಂತೆ! ಇಪ್ಪತ್ತನಾಲ್ಕಕ್ಕೆ ಊರ ಕಚೇರಿಯ 'ಪ್ರಯೋಗಾಲಯ ಸ್ವಾಗತ ವಿಭಾಗ'ದಲ್ಲಿ ಒಂದು ವರ್ಷದ ಗುತ್ತಿಗೆ ಕೆಲಸ ಸಿಕ್ಕಿತು. ವಿಭಾಗ ಅಂದರೆ ಎರಡು ಮೇಜು, ಒಂದು ಹೀಟರು, ಮರ್ಯಾದೆಯಿಂದ ಒರಿಕಾಸಾ ಸಾನ್ ಅಂತ ನಾವು ಕರೆಯುವ ಮೇಲಧಿಕಾರಿ, ಮತ್ತು ನಾನು.

ನಮ್ಮ ಮನೆಯ ಕಸುಬು ತೋಫು. ಮನೆಯ ಹಿಂದೆ ಬೆಟ್ಟಕ್ಕೆ ಆತುಕೊಂಡಂತೆ ಅಜ್ಜಿಯ ಕೆಲಸದ ಕೋಣೆ. ಬೆಟ್ಟದ ಒರತೆಯ ನೀರು ಬಿದಿರಿನ ಕೊಳವೆಯಲ್ಲಿ ಬಂದು ಕಲ್ಲಿನ ತೊಟ್ಟಿಗೆ ಬೀಳುತ್ತಿತ್ತು. ಸೋಯಾ ನೆನೆಸುವುದು, ಅರೆಯುವುದು, ಕುದಿಸುವುದು, ಹಾಲಿಗೆ ಕಡಲುಪ್ಪಿನ ಕಹಿನೀರು ಹಾಕಿ ಒಡೆಸುವುದು, ಎಲ್ಲ ಆ ನೀರಿನಲ್ಲೇ. ಹುಲ್ಲಿನ ಹಗ್ಗದಲ್ಲಿ ಕಟ್ಟಿ ಎತ್ತಿದರೂ ಒಡೆಯದ ಗಟ್ಟಿ ತೋಫು ಅದು. ಎಂಬತ್ತೊಂದರ ಅಜ್ಜಿ ಮಾಡುತ್ತಿದ್ದಳು, ಅಪ್ಪ ವ್ಯಾನಿನಲ್ಲಿ ಮನೆಮನೆಗೆ ಹಾಕಿ ಬರುತ್ತಿದ್ದ.

ಸರ್ವೆಯ ಮುಖ್ಯಸ್ಥ ಮಾಮಿಯಾ ಸಾನ್ ಬಂದರು. ತೆಳ್ಳಗೆ, ಮೆತ್ತಗೆ ಮಾತಾಡುವ ಮನುಷ್ಯ. ಬಂಡೆ ಕೊರೆಯುವ ಮೊದಲು ಇಳಿಜಾರಿನಲ್ಲಿರುವ ನಲವತ್ತೆರಡು ಮನೆಗಳಿಗೂ ಹೋಗಿ, ಯಾರು ಒರತೆ ನೀರು ಬಳಸುತ್ತಾರೆ ಅಂತ ಬರೆದುಕೊಳ್ಳಬೇಕಿತ್ತು. ಒರತೆಯ ಬಳಕೆ ಮುಖ್ಯವಾಗಿರುವ ಕಡೆ ಕೊರೆಯುವ ಹಾಗಿಲ್ಲ, ಜಾಗ ಬದಲಿಸಬೇಕು. ಕೇಳುವುದೂ ಬರೆಯುವುದೂ ನನ್ನ ಕೆಲಸ.

ಮೊದಲ ದಿನವೇ ನಾನು ಅವರಿಗೆ ಜಂಬದಿಂದ ಪಾಠ ಹೇಳಿದೆ. "ನಮ್ಮೂರಲ್ಲಿ ಒಂದು ಪ್ರಶ್ನೆ ಮೂರು ಸಲ ಕೇಳ್ಬೇಕು ಮಾಮಿಯಾ ಸಾನ್. ಮೊದಲನೇದು ಮರ್ಯಾದೆಗೆ ಹೇಳೋ ಉತ್ತರ. ಎರಡನೇದು ನಿಮಗೆ ಬೇಜಾರಾಗ್ಬಾರ್ದು ಅಂತ. ನಿಜ ಬರೋದು ಮೂರನೇ ಸಲಕ್ಕೇ."

ಅವರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ನಂಬಿದರು. ಯಾಯೆ ಮುದುಕಿ ಮೊದಲು "ನಮ್ಮ ನೀರಾ? ಕಪ್ಪೆನೂ ಮೂಸಲ್ಲ" ಅಂದಳು. ಎರಡನೇ ಸಲಕ್ಕೆ "ಪಾತ್ರೆ ತೊಳೆಯೋಕೆ ಒಂದಿಷ್ಟು" ಅಂದಳು. ಮೂರನೇ ಸಲಕ್ಕೆ "ಅದಿಲ್ದಿದ್ರೆ ನನ್ನ ಮೂಲಂಗಿ ತೋಟ ಸತ್ತೇ ಹೋಗುತ್ತೆ, ಮುಟ್ಟೀರ ಮತ್ತೆ!" ಅಂತ ಪೊರಕೆ ತೋರಿಸಿದಳು. ನಲವತ್ತೊಂದು ಮನೆಗಳಲ್ಲೂ ಹೀಗೇ ಕೂತು, ಚಹಾ ಕುಡಿದು, ಮೂರು ಸಲ ಕೇಳಿ ಬರೆದುಕೊಂಡೆ.

ಕೊನೆಗೆ ಉಳಿದದ್ದು ನಮ್ಮ ಮನೆ.

ಅಷ್ಟು ಹೊತ್ತಿಗೆ ನಕ್ಷೆಯಲ್ಲಿ ಕೊರೆಯುವ ಜಾಗ ಗುರುತಾಗಿತ್ತು. ನಮ್ಮ ಹಿತ್ತಲಿನ ಇಳಿಜಾರು. ಲಾರಿ ಹತ್ತುವಂಥ ರಸ್ತೆ ಇದ್ದದ್ದು ಅಲ್ಲಿ ಮಾತ್ರ. ಅದು ತಪ್ಪಿದರೆ ಹೊಸ ದಾರಿ ಕಡಿಯಬೇಕು, ಒಂದು ತಿಂಗಳು ಹೋಗುತ್ತದೆ, ಹಿಮ ಬೀಳುತ್ತದೆ, ಈ ವರ್ಷದ ವರದಿ ತಪ್ಪುತ್ತದೆ. ಒರಿಕಾಸಾ ಸಾನ್ ಅವತ್ತು ಬೆಳಿಗ್ಗೆಯೇ ನನ್ನ ಮೇಜಿನ ಹತ್ತಿರ ನಿಂತು, "ನಿಮ್ಮ ಮನೇದೇನೂ ತೊಂದ್ರೆ ಇರಲ್ಲ ಅಲ್ವಾ?" ಅಂದಿದ್ದರು. "ಏನೂ ಇಲ್ಲ" ಅಂದಿದ್ದೆ.

ಅಜ್ಜಿ ಹೊಸ ಏಪ್ರನ್ ಹಾಕಿಕೊಂಡು ಕಾದಿದ್ದಳು. ಸೋಯಾ ಹುದುಗಿಸಿ ಅರೆದ ಮಿಸೊ ಸವರಿ ಕಡ್ಡಿಗೆ ಚುಚ್ಚಿ ಸುಟ್ಟ ತೋಫು, ಉಪ್ಪಿನ ಮೂಲಂಗಿ, ಚಹಾ ಇಟ್ಟಳು. ಮಾಮಿಯಾ ಸಾನ್ ಎರಡು ಕಡ್ಡಿ ತಿಂದು ಮೂರನೆಯದಕ್ಕೆ ಕೈ ಹಾಕಿದರು.

"ಅಜ್ಜಿ, ಹಿತ್ತಲ ಒರತೆ ನೀರು ಬಳಸ್ತೀಯಾ?" ಅಂತ ಕೇಳಿದೆ, ಸರ್ಕಾರಿ ದನಿಯಲ್ಲಿ.

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಮ್ಮದೆಂಥಾ ನೀರಮ್ಮ, ಬೆಟ್ಟದ ಬೆವರು. ಇದ್ರೂ ಆಯ್ತು, ಇಲ್ದಿದ್ರೂ ಆಯ್ತು. ಮನೇಲಿ ನಲ್ಲಿ ಬಂದು ಮೂವತ್ತು ವರ್ಷ ಆಯ್ತಲ್ಲ. ಅಷ್ಟು ದೊಡ್ಡ ಕೆಲ್ಸಕ್ಕೆ ಬಂದಿದ್ದೀರಿ, ನಮ್ಮ ನೀರಿಗೆಲ್ಲ ತಲೆ ಕೆಡಿಸ್ಕೋಬೇಡಿ."

'ಮುಖ್ಯ ಬಳಕೆ ಇಲ್ಲ' ಅನ್ನುವ ಚೌಕದಲ್ಲಿ ನಾನು ಗುರುತು ಹಾಕಿದೆ. ಅಜ್ಜಿ ಕೆಟಲ್ ಹಿಡಿದು ಇನ್ನೂ ಕೂತಿದ್ದಳು, ಮುಂದಿನದನ್ನು ಕೇಳಲಿ ಅಂತ. ನಾನು ಕಾಗದ ಮಡಚಿದೆ.

ಕಾರಿನಲ್ಲಿ ಮಾಮಿಯಾ ಸಾನ್ ಅಂದರು: "ನಿಮ್ಮ ಮನೇಲಿ ಒಂದೇ ಸಲ ಕೇಳಿದ್ರಿ?"

"ನಮ್ಮನೆ ಅಲ್ವಾ ಮಾಮಿಯಾ ಸಾನ್, ನನಗೇ ಗೊತ್ತಿರುತ್ತೆ," ಅಂದೆ.

ಅಕ್ಟೋಬರಿನ ನಡುವೆ ಕೊರೆಯುವ ಯಂತ್ರ ಬಂತು. ಹಿತ್ತಲಿನಲ್ಲಿ ಹಗಲಿಡೀ ಗುರ್ರ್ ಅನ್ನುವ ಸದ್ದು. ನನಗೋ ಹಬ್ಬ. ಪ್ರತಿ ಊಟದ ಬಿಡುವಿನಲ್ಲೂ ಓಡಿ ಬಂದು, ಕೊಳವೆಯಿಂದ ತೆಗೆದು ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟ ಬಂಡೆಯ ಉರುಳೆಗಳನ್ನು ನೋಡುತ್ತಿದ್ದೆ. ಅಜ್ಜಿ ಕೆಲಸದವರಿಗೆ ದಿನಾ ಒಂದು ತಟ್ಟೆ ಬೇಯಿಸಿದ ತೋಫು ಕೊಡುತ್ತಿದ್ದಳು.

"ಬಿಟ್ಟಿ ತಿನ್ಸಿ ಅವರ ಹೊಟ್ಟೆ ದೊಡ್ಡದು ಮಾಡ್ತಿದ್ದೀಯ," ಅಂದ ಅಪ್ಪ.

"ಕೊರೆಯೋರಿಗೆ ಹೊಟ್ಟೆ ತುಂಬಿರ್ಬೇಕು ಕಣೋ. ಹಸಿದೋನು ಓರೆಯಾಗಿ ಕೊರೀತಾನೆ."

ನವೆಂಬರ್ ಮೊದಲ ವಾರ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಎರಡು ದಿನಕ್ಕೆ ತಿಳಿಯಾಯಿತು, ಆದರೆ ಧಾರೆ ಬೆರಳಿನಷ್ಟಾಯಿತು. ಆಮೇಲೆ ದಾರದಷ್ಟು. ಎಂಟನೇ ತಾರೀಕು ಬೆಳಿಗ್ಗೆ ಅಜ್ಜಿ ಅಡುಗೆಮನೆಗೆ ಬಂದು, "ಹಿಸಾಯೆ, ನಲ್ಲಿಯಿಂದ ನಾಲ್ಕು ಬಕೆಟ್ ತುಂಬ್ಸು," ಅಂದಳು. ಅಮ್ಮ ಯಾಕೆ ಅಂತ ಕೇಳಲಿಲ್ಲ. ತೊಟ್ಟಿಗೆ ಬೀಳುವ ನೀರಿನ ಸದ್ದೇ ಇರಲಿಲ್ಲ.

ನಲ್ಲಿ ನೀರಿನ ತೋಫು ಸರಿಯಾಗಿ ಕೂರಲೇ ಇಲ್ಲ. ಕಹಿನೀರು ಹೆಚ್ಚು ಹಾಕಿದರೆ ಒರಟು, ಕಡಿಮೆ ಹಾಕಿದರೆ ಗಂಜಿ. ಅಜ್ಜಿ ಹನ್ನೊಂದು ದಿನ ಒದ್ದಾಡಿದಳು. ನೀರು ಕುದಿಸಿ ಆರಿಸಿದಳು, ಕ್ಲೋರಿನ್ ವಾಸನೆ ಹೋಗಲಿ ಅಂತ ಇದ್ದಿಲು ಹಾಕಿ ಸೋಸಿದಳು. ಹನ್ನೆರಡನೇ ದಿನ ಯಾಯೆ ಮುದುಕಿ ನಮ್ಮ ಬಾಗಿಲಲ್ಲೇ ನಿಂತು ಮೂಸಿ, "ಕಿನು, ಇವತ್ತಿನ ತೋಫು ಈಜುಕೊಳದಿಂದ ಬಂತೇನೇ?" ಅಂತ ಅಜ್ಜಿಯನ್ನು ಕೇಳಿದಳು. ತಮಾಷೆಗೇ ಅಂದದ್ದು. ಅಜ್ಜಿಯೂ ನಕ್ಕಳು. ಮಾರನೇ ದಿನದಿಂದ ಸೋಯಾ ನೆನೆಹಾಕಲಿಲ್ಲ.

ಅಪ್ಪ ವ್ಯಾನ್ ತೆಗೆದುಕೊಂಡು ನೇರ ನಮ್ಮ ಕಚೇರಿಗೆ ಬಂದ. ಅವತ್ತು ನಾನು ಸರ್ವೆಯವರ ಜೊತೆ ಪಕ್ಕದ ಕಣಿವೆಗೆ ಹೋಗಿದ್ದೆ. ಒರಿಕಾಸಾ ಸಾನ್ ಅವನಿಗೆ ಚಹಾ ಕೊಟ್ಟು, ತಲೆ ಬಗ್ಗಿಸಿ, ನಮ್ಮ ಮನೆಯ ಕಾಗದದ ನಕಲು ತೆಗೆದು ಕೈಗಿಟ್ಟರಂತೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಆ ಹಾಳೆಯನ್ನು ಮೀನಿನ ತಟ್ಟೆಯ ಪಕ್ಕ ಹರಡಿದ. "ಇದು ಯಾರ ಅಕ್ಷರ?"

"ನಂದು," ಅಂದೆ.

"'ಮುಖ್ಯ ಬಳಕೆ ಇಲ್ಲ.' ನಾಲ್ಕು ತಲೆಮಾರಿಂದ ಆ ನೀರಲ್ಲಿ ತೋಫು ಮಾಡಿ ಉಣ್ತಾ ಇರೋ ಮನೆ. ಮುಖ್ಯ ಬಳಕೆ ಇಲ್ಲ!"

"ನಾನೇ ಹಾಗಂದೆ ಕಣೋ," ಅಂದಳು ಅಜ್ಜಿ. "ನನ್ನ ಬಾಯಿ."

"ಬಾಯಿ ನಿಂದು. ಕಿವಿ ಯಾರದು? ನಿನ್ನ ಮಾತು ಹೇಗಿರುತ್ತೆ ಅಂತ ಇವಳಿಗೆ ಗೊತ್ತಿಲ್ವಾ? ಹೊಸ ಕೋಟು ಹಾಕ್ಕೊಂಡ್ರೂ 'ಗೋಣಿಚೀಲ' ಅಂತೀಯ ನೀನು!" ಅಪ್ಪ ನನ್ನ ಕಡೆ ತಿರುಗಿದ. "ಸುಜುನೊ. ಎಷ್ಟು ಸಲ ಕೇಳ್ದೆ?"

ಅಮ್ಮ ಚಾಪ್‌ಸ್ಟಿಕ್ ಕೆಳಗಿಟ್ಟಳು.

"ಮೂರು," ಅಂದೆ.

ಹೇಗೆ ಬಂತೋ ಆ ಮಾತು. ಆಡಿ ಮುಗಿದ ಮೇಲೆ ನಾನು ಅಜ್ಜಿಯ ಮುಖ ನೋಡಲಿಲ್ಲ, ಮೀನಿನ ಮುಳ್ಳು ಬಿಡಿಸುತ್ತಾ ಕೂತೆ.

"ಹ್ಞೂ, ಮೂರು ಸಲ ಕೇಳಿದ್ಲು," ಅಂದಳು ಅಜ್ಜಿ. "ಮೂರು ಸಲಾನೂ ನಾನು ಅದೇ ಅಂದೆ. ಬಂದೋರ ಮುಂದೆ ನಮ್ಮ ನೀರು, ನಮ್ಮ ನೀರು ಅಂತ ಕೊಚ್ಕೊಳ್ಳೋಕೆ ನಾಚ್ಕೆ ಆಯ್ತು."

ಅಪ್ಪ ಹಾಳೆಯನ್ನು ಮಡಚಿದ. ಆಮೇಲೆ, "ಒಳ್ಳೇವಳು ಅನ್ನಿಸ್ಕೊಳ್ಳೋಕೆ ಹೋಗಿ ಮನೆ ಮುಳುಗಿಸ್ದೆಯಲ್ಲಮ್ಮ," ಅಂದ. ಎದ್ದು ಹೋದ. ಅವನ ಮೀನು ಹಾಗೇ ಉಳಿಯಿತು.

ಅವತ್ತಿನಿಂದ ಅಪ್ಪ ತನ್ನ ತಾಯಿಯ ಜೊತೆ ಮಾತು ಬಿಟ್ಟ. ಏನಾದರೂ ಬೇಕಿದ್ದರೆ ಅಮ್ಮನಿಗೆ ಹೇಳುತ್ತಿದ್ದ: "ಕತ್ತರಿ ಎಲ್ಲಿಟ್ಟಿದ್ದಾರೆ ಕೇಳು." ಅಜ್ಜಿ ಎದುರಿಗೇ ಕೂತಿರುತ್ತಿದ್ದಳು. ಅಮ್ಮ ಇಬ್ಬರ ನಡುವೆ ಸಿಕ್ಕಿ, "ರೀ, ನಾನೇನು ಅಂಚೆ ಕಚೇರೀನಾ?" ಅಂತ ರೇಗುತ್ತಿದ್ದಳು. ಅಪ್ಪ ಮರದ ಮಿಲ್ಲಿನಲ್ಲಿ ದಿನಗೂಲಿಗೆ ಸೇರಿದ. ಅಜ್ಜಿ ಒಣಗಿದ ತೊಟ್ಟಿಯನ್ನು ದಿನಾ ತಿಕ್ಕಿ ತೊಳೆಯುತ್ತಿದ್ದಳು, ಬಕೆಟಿನ ನೀರಲ್ಲಿ.

ಒಂದು ಭಾನುವಾರ ನಾವಿಬ್ಬರೇ ಸೂರಿನ ಕೆಳಗೆ ಮೂಲಂಗಿಗಳನ್ನು ಹಗ್ಗಕ್ಕೆ ಪೋಣಿಸಿ ಒಣಗಲು ಕಟ್ಟುತ್ತಿದ್ದೆವು.

"ಅಜ್ಜಿ, ನಾನು ಮೂರು ಸಲ ಕೇಳ್ದೆ ಅಂತ ಯಾಕಂದೆ ಅವತ್ತು?"

"ನಿಂಗೆ ಇಪ್ಪತ್ನಾಲ್ಕು, ನಂಗೆ ಎಂಬತ್ತೊಂದು. ಯಾರು ಬೈಸ್ಕೊಂಡ್ರೆ ಅಗ್ಗ?" ಅವಳು ಗಂಟು ಬಿಗಿದಳು. "ಆದ್ರೆ ಒಂದು ಹೇಳು. ಬರೆಯೋವಾಗ ನಿಂಗೆ ಗೊತ್ತಿತ್ತಾ, ನಾನು ಸುಮ್ನೆ ಅಂತಿದ್ದೀನಿ ಅಂತ?"

"ಗಡಿಬಿಡೀಲಿದ್ದೆ ಅಜ್ಜಿ."

"ಹ್ಞೂ," ಅಂದಳು ಅಜ್ಜಿ. ಮುಂದಿನ ಮೂಲಂಗಿ ಕೈಗೆತ್ತಿಕೊಂಡಳು.

ಅಜ್ಜಿಗೆ ಗೊತ್ತಿಲ್ಲದ, ನನಗೆ ಗೊತ್ತಿದ್ದ ಒಂದು ವಿಷಯವಿತ್ತು. ಬರೆದುಕೊಂಡದ್ದರಲ್ಲಿ ತಪ್ಪಿದ್ದರೆ ನವೆಂಬರ್ ಮೂವತ್ತರೊಳಗೆ ತಿದ್ದಬಹುದು. ಬರೆದವರೇ ಬಂದು, ನಾನು ಸರಿಯಾಗಿ ಕೇಳಲಿಲ್ಲ ಅಂತ ಸಹಿ ಹಾಕಬೇಕು. ಹಾಕಿದರೆ ಕಳೆದುಹೋದ ನೀರಿನ ಎಳೆ ಹುಡುಕಿ ಬದಲಿ ಬಾವಿ ಕೊರೆದುಕೊಡುವುದು ಸರ್ವೆಯವರ ಹೊಣೆ. ಆ ನಿಯಮವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದೇ ನಾನು.

ಅದೇ ವಾರ ಮಾಮಿಯಾ ಸಾನ್ ನನ್ನನ್ನು ಕರೆದು, ಸರ್ವೆ ತಂಡದಲ್ಲಿ ಖಾಯಂ ಜಾಗ ಒಂದಿದೆ, ನಿಮ್ಮ ಹೆಸರು ಬರೆದು ಕಳಿಸುತ್ತೇನೆ ಅಂದಿದ್ದರು. ಸುರಳೀತ ಕೇಳಿ ಬರೆದುಕೊಂಡು ಬರುವವರು ಬೇಕು ನಮಗೆ ಅಂದಿದ್ದರು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ನಾನು ದೂಡಿದೆ. ಮನೆಯಲ್ಲಿ ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ಅದರಿಂದ ದೂಡುವುದೂ ಸಲೀಸಾಗಿತ್ತು. ಮೂವತ್ತನೇ ತಾರೀಕು ಕಚೇರಿಯ ಸಭಾಂಗಣದಲ್ಲಿ ವರದಿಯ ಸಭೆಗೆ ನಾಲ್ಕು ದಿನ ಮೊದಲೇ ಅರವತ್ತು ಕುರ್ಚಿ ಜೋಡಿಸಿದೆ. ಸಾಲು ಸೊಟ್ಟಗಿದೆ ಅಂತ ಎರಡು ಸಲ ಜೋಡಿಸಿದೆ.

ಡಿಸೆಂಬರ್ ನಾಲ್ಕಕ್ಕೆ ಸಭೆ. ಮಾಮಿಯಾ ಸಾನ್ ನಕ್ಷೆ ತೋರಿಸಿ ಮೆತ್ತಗೆ ಹೇಳಿದರು: ಹಿನೊಸಾವಾದ ಇಳಿಜಾರಿನ ಬಂಡೆ ಒಳಗೆ ಸೀಳಿದೆ, ಸೀಳಿನಲ್ಲಿ ನೀರಿದೆ, ಇಲ್ಲಿ ಸುರಂಗ ನಿಲ್ಲುವುದಿಲ್ಲ. ಗೆರೆಯನ್ನು ಪೂರ್ವದ ಬೆಟ್ಟದ ಕಡೆಗೆ, ಇಲ್ಲಿಂದ ಒಂಬತ್ತು ಕಿಲೋಮೀಟರ್ ಆಚೆಗೆ ಸರಿಸಬೇಕು. ಕಟ್ಟುವುದೋ ಬಿಡುವುದೋ ಅನ್ನುವ ತೀರ್ಮಾನ ಮತ್ತೆ ಮುಂದಿನ ವರ್ಷಕ್ಕೆ. ಅರವತ್ತು ಕುರ್ಚಿಗಳಲ್ಲಿ ಇಪ್ಪತ್ತೆರಡು ಜನ ಕೂತಿದ್ದರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಎಲ್ಲರೂ ತಲೆ ಬಗ್ಗಿಸಿ, "ಇಷ್ಟು ದೂರ ಬಂದು ಕಷ್ಟಪಟ್ರಿ" ಅಂತ ಅವರಿಗೆ ಉಪಚಾರ ಹೇಳಿ ಹೋದರು.

ಮಾರನೇ ಬೆಳಿಗ್ಗೆ ನಾನು ಮಾಮಿಯಾ ಸಾನ್ ಮುಂದೆ ನಿಂತು ನಿಜ ಹೇಳಿದೆ. ನಮ್ಮ ಮನೆಯಲ್ಲಿ ಒಂದೇ ಸಲ ಕೇಳಿದೆ, ಆ ನೀರು ಏನು ಅಂತ ಗೊತ್ತಿತ್ತು, ಕೊರೆಯುವುದು ತಡವಾಗಬಾರದು ಅಂತ ಬೇಕಂತಲೇ ಬರೆದೆ. ಸುರಂಗ ನಮ್ಮ ಬೆಟ್ಟ ಬಿಟ್ಟು ಹೋದ ಮೇಲೆ ಬಂತು ನನಗೆ ಧೈರ್ಯ. ಇಷ್ಟು ನಾಚಿಕೆಗೇಡಿನ ಧೈರ್ಯ ಯಾರಿಗೂ ಬರಬಾರದು.

ಅವರು ಕನ್ನಡಕ ತೆಗೆದು ಒರೆಸಿದರು. "ಐದು ದಿನ ಮುಂಚೆ ಬರ್ಬೇಕಿತ್ತು, ಸುಜುನೊ ಸಾನ್. ನವೆಂಬರ್ ಕೊನೇಗೆ ಈ ಜಾಗದ ಲೆಕ್ಕದ ಪುಸ್ತಕ ಮುಚ್ಚಿಬಿಟ್ರು. ಕೊರೆಯೋ ಯಂತ್ರ ನಿನ್ನೆ ರಾತ್ರೀನೇ ಆ ಕಡೆ ಹೊರಟು ಹೋಯ್ತು."

"ಏನಾದ್ರೂ ಮಾಡೋಕಾಗಲ್ವಾ?"

"ಕಾಗದ ಬರೀತೀನಿ. ಆದ್ರೆ ಆಗುತ್ತೆ ಅಂತ ಸುಳ್ಳು ಹೇಳಲಾರೆ." ಆಮೇಲೆ ಅವರು ನನಗೆ ತಲೆ ಬಗ್ಗಿಸಿದರು. "ನಿಮ್ಮಜ್ಜಿ ಕೊಟ್ಟಿದ್ದನ್ನ ತಿಂತಾ ತಿಂತಾ, ನಾನಾದ್ರೂ ಕೇಳ್ಬೇಕಿತ್ತು."

ಖಾಯಂ ಜಾಗದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಸಂಜೆ ಅಮ್ಮ ಮಿಸೊ ಸಾರು ಮಾಡಿದ್ದಳು. ಬಡಿಸುವಾಗ ಅವಳ ಕೈ ತಡೆದದ್ದು ಯಾಕೆ ಅಂತ ಬಟ್ಟಲು ನೋಡಿದಾಗ ತಿಳಿಯಿತು. ಸಾರಿನಲ್ಲಿ ತೋಫು ತೇಲುತ್ತಿತ್ತು, ಎಲ್ಲ ಒಂದೇ ಅಳತೆಯ ನಯವಾದ ಚೌಕಗಳು. ಪೇಟೆಯ ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಡಬ್ಬಿಯದು. ನಮ್ಮ ಮನೆಗೆ ಕೊಂಡ ತೋಫು ಬಂದದ್ದು ಅದೇ ಮೊದಲು.

"ಶಾಲೆಗೆ ತರ್ಸಿದ್ರಲ್ಲಿ ಉಳ್ದಿತ್ತು ಅತ್ತೆ," ಅಂದಳು ಅಮ್ಮ. "ಎಸೆಯೋಕೆ ಮನ್ಸಾಗ್ಲಿಲ್ಲ."

"ಚೆನ್ನಾಗ್ ಮಾಡ್ದೆ," ಅಂದಳು ಅಜ್ಜಿ.

ಆಗ ನಾನು ಹೇಳಿದೆ. ಒಂದೇ ಸಲ ಕೇಳಿದ್ದು, ಮೂರು ಅಂದದ್ದು, ಮೂವತ್ತನೇ ತಾರೀಕಿನ ನಿಯಮ, ಕುರ್ಚಿ ಜೋಡಿಸಿದ್ದು, ಎಲ್ಲ. ನನ್ನ ಮಾತು ಯಾವಾಗಲೂ ಬೇಗ, ಅವತ್ತೂ ಬೇಗ ಮುಗಿಯಿತು.

ಮೊದಲು ಮಾತಾಡಿದ್ದು ಅಜ್ಜಿ. "ಮೂವತ್ತರೊಳಗೆ ಹೇಳಿದ್ರೆ ಬಾವಿ ತೋಡ್ತಿದ್ರಾ?"

"ಹ್ಞೂ."

"ಅದು ನಂಗೆ ಗೊತ್ತಿದ್ರೆ ನಾನು ಹಾಗನ್ತಿರ್ಲಿಲ್ಲ ಸುಜು," ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. "ಬೈಗಳಷ್ಟೇ ಅಂದ್ಕೊಂಡಿದ್ದೆ. ನೀರೂ ಅದರಲ್ಲೇ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ."

ಅಮ್ಮ ಏಪ್ರನ್ನಿನ ತುದಿಯಲ್ಲಿ ಕಣ್ಣೊತ್ತಿಕೊಂಡಳು. ಅಪ್ಪ ಏನಾದರೂ ಎಸೆಯುತ್ತಾನೆ ಅಂದುಕೊಂಡೆ, ಕೂಗುತ್ತಾನೆ ಅಂದುಕೊಂಡೆ. ಅವನು ನನ್ನ ಕಡೆ ನೋಡಲೇ ಇಲ್ಲ. ತಾಯಿಯ ಬಟ್ಟಲನ್ನು ನೋಡುತ್ತಿದ್ದ. ಅಜ್ಜಿ ಚಾಪ್‌ಸ್ಟಿಕ್ ಹಿಡಿದು, ಆ ಬಿಳಿ ಚೌಕವನ್ನು ಮುಟ್ಟಿ, ಬಿಟ್ಟು, ಮತ್ತೆ ಮುಟ್ಟಿ ಕೂತಿದ್ದಳು.

ಅಪ್ಪ ಕೈ ಚಾಚಿ ಅವಳ ಬಟ್ಟಲಿನಿಂದ ಒಂದು ತುಂಡು ಎತ್ತಿ ತನ್ನ ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು. ಒಂದೂ ಬಿಡದೆ ತೆಗೆದ, ಅಗಿದ, ನುಂಗಿದ. ಬರೀ ಸಾರು ಉಳಿದ ಬಟ್ಟಲನ್ನು ಎರಡೂ ಕೈಯಲ್ಲಿ ತಾಯಿಯ ಮುಂದಕ್ಕೆ ಸರಿಸಿ, "ಆರ್ತಾ ಇದೆ, ಕುಡಿಯಮ್ಮ," ಅಂದ.

ಹದಿನೈದು ದಿನದ ಮೇಲೆ ಅವಳಿಗೆ ಅವನು ಆಡಿದ ಮೊದಲ ಮಾತು. ಅಜ್ಜಿ ಕುಡಿದಳು.

ನನ್ನ ಬಟ್ಟಲಿನಲ್ಲಿ ಐದು ತುಂಡುಗಳಿದ್ದವು. ಯಾರೂ ಕೈ ಚಾಚಲಿಲ್ಲ. ನಾನೇ ತಿಂದೆ.